ಇಬ್ನು ಬತೂತರನ್ನು ನಮ್ಮ ಮಕ್ಕಳೇಕೆ ಓದುವುದಿಲ್ಲ?

(ವಾಚನಾಲಯವೊಂದರ ಉದ್ಘಾಟನಾ ಸಮಾರಂಭದಲ್ಲಿ ಮಾಡಿದ ಭಾಷಣ)



ಇಲ್ಲಿನ ಕಪಾಟುಗಳಲ್ಲಿ ಇಸ್ಲಾಮೀ ಇತಿಹಾಸಕ್ಕೆ ಮೊದಲ ಸ್ಥಾನ ನೀಡಿರುವುದು ಸಂತೋಷದ ವಿಷಯ. ಆದರೆ ಸಭೆ ಆರಂಭವಾಗುವ ಮುನ್ನ ಕೆಲವು ಪುಸ್ತಕಗಳನ್ನು ತೆರೆದು ನೋಡಿದೆ. ಒಂದು ಕಹಿ ಮಾತನ್ನು ಹೇಳಲೇಬೇಕಾಗಿದೆ. ಮಕ್ಕಳು ಓದುವುದಿಲ್ಲವೆಂದು ನಾವು ಟಿ.ವಿ.ಯನ್ನೂ ಮೊಬೈಲನ್ನೂ ದೂಷಿಸುತ್ತೇವೆ. ಓದಲು ಅವರ ಕೈಗೆ ಕೊಟ್ಟಿರುವುದೇನೆಂದು ಎಂದಾದರೂ ಪರಿಶೀಲಿಸಿದ್ದೇವೆಯೇ?

ಇಬ್ನು ಬತೂತರನ್ನೇ ತೆಗೆದುಕೊಳ್ಳಿ. ಮದ್ರಸದ ವಾರ್ಷಿಕೋತ್ಸವಗಳಲ್ಲಿ ಬಹುಮಾನವಾಗಿ ಕೊಡುವ ಕಿರುಹೊತ್ತಗೆಗಳಲ್ಲಿ ಅವರ ಚರಿತ್ರೆ ಹೀಗಿರುತ್ತದೆ: 1304ರಲ್ಲಿ ಮೊರೊಕ್ಕೋದ ತಾಂಜೀರ್‌ನಲ್ಲಿ ಜನನ, 1325ರಲ್ಲಿ ಹಜ್ಜ್ ಯಾತ್ರೆ, ಬಳಿಕ ದೇಶಗಳ ಉದ್ದನೆಯ ಪಟ್ಟಿ, ಕೊನೆಗೆ 'ಮಹಾನ್ ಪ್ರವಾಸಿ' ಎಂಬ ಬಿರುದು. ರೈಲ್ವೆ ವೇಳಾಪಟ್ಟಿ ಇದಕ್ಕಿಂತ ಸ್ವಾರಸ್ಯಕರ. ಅದರಲ್ಲಿ ನಮ್ಮೂರಿನ ಹೆಸರಾದರೂ ಇರುತ್ತದೆ.

1355ರಲ್ಲಿ ಪೂರ್ಣಗೊಂಡ ಅವರ ಸ್ವಂತ ಪ್ರವಾಸ ಕಥನದಲ್ಲಿ ಕಾಣುವ ವ್ಯಕ್ತಿಯೇ ಬೇರೆ. ಟ್ಯೂನಿಸ್ ನಗರವನ್ನು ಪ್ರವೇಶಿಸುವಾಗ ಎಲ್ಲರಿಗೂ ಪರಿಚಿತರು ಸಲಾಮ್ ಹೇಳಿದರು; ತನಗೆ ಹೇಳುವವರೇ ಇಲ್ಲವೆಂದು ಆ ಇಪ್ಪತ್ತೊಂದರ ಯುವಕ ಅತ್ತುಬಿಟ್ಟ. ಮುಂದೆ ಮಾಲ್ದೀವ್ಸ್‌ನಲ್ಲಿ ಖಾಝಿಯಾದಾಗ ಮಹಿಳೆಯರ ಉಡುಪಿನ ಬಗ್ಗೆ ಆಜ್ಞೆ ಹೊರಡಿಸಿ, ಅದು ಜಾರಿಯಾಗಲಿಲ್ಲವೆಂದು ತಾವೇ ಒಪ್ಪಿಕೊಂಡರು. ಮುಹಮ್ಮದ್ ಬಿನ್ ತುಘ್ಲಕ್ ಚೀನಾದ ಚಕ್ರವರ್ತಿಗೆ ಕಳುಹಿಸಿದ್ದ ಉಡುಗೊರೆಗಳ ಹಡಗು ಕಲ್ಲಿಕೋಟೆಯ ಕರಾವಳಿಯಲ್ಲಿ ಬಿರುಗಾಳಿಗೆ ಸಿಲುಕಿ ಒಡೆಯಿತು. ಜುಮಾ ನಮಾಝ್‌ಗಾಗಿ ದಡದಲ್ಲಿ ಉಳಿದಿದ್ದರಿಂದ ಇವರು ಬದುಕಿದರು. ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಹಾಸು ಮಾತ್ರ. ಸುಲ್ತಾನನಿಗೆ ಮುಖ ತೋರಿಸಲು ಅಂಜಿ ಅವರು ದೆಹಲಿಗೆ ಹಿಂದಿರುಗಲಿಲ್ಲ; ಕೆಲಕಾಲದ ಬಳಿಕ ಬಂದು ಆಶ್ರಯ ಪಡೆದದ್ದು ನಮ್ಮ ಹೊನ್ನಾವರದಲ್ಲಿ!

ಅಳು, ಸೋಲು, ಭಯ ಇವುಗಳನ್ನು ಬರೆದರೆ ಮಹಾಪುರುಷರ ಗೌರವಕ್ಕೆ ಕುಂದು ಬರುವುದೆಂಬ ಭಾವನೆ ನಮ್ಮ ಲೇಖಕರಲ್ಲಿದೆ. ಬರೆದ ಇಬ್ನು ಬತೂತರಿಗೇ ಇಲ್ಲದ ಸಂಕೋಚ ಇವರಿಗೇಕೆ?

ಇದು ಕೇವಲ ರುಚಿಯ ಪ್ರಶ್ನೆಯಲ್ಲ. ಹೊನ್ನಾವರದಲ್ಲಿ ಹೆಣ್ಣು ಮಕ್ಕಳಿಗಾಗಿ 13 ಮತ್ತು ಗಂಡು ಮಕ್ಕಳಿಗಾಗಿ 23 ಪಾಠಶಾಲೆಗಳನ್ನು ಕಂಡುದಾಗಿಯೂ, ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ, ಇಂಥದ್ದನ್ನು ಬೇರೆಲ್ಲಿಯೂ ಕಂಡಿಲ್ಲವೆಂದೂ ಅವರು ದಾಖಲಿಸಿದ್ದಾರೆ. 1340ರ ದಶಕದ ಮಾತಿದು. ಹೆಣ್ಣು ಮಕ್ಕಳ ಶಿಕ್ಷಣದ ಕುರಿತು ವೇದಿಕೆಗಳಲ್ಲಿ ಗಂಟೆಗಟ್ಟಲೆ ಚರ್ಚಿಸುವ, ಮಗಳನ್ನು ಕಾಲೇಜಿಗೆ ಕಳುಹಿಸಲು ಇಂದಿಗೂ ಹಿಂಜರಿಯುವ ಸಮುದಾಯ ನಮ್ಮದು. ಈ ಒಂದು ವಾಕ್ಯ ನಮ್ಮದೇ ಕರಾವಳಿಯ ಹೆಣ್ಣು ಮಗಳೊಬ್ಬಳ ಕೈಗೆ ಸಿಕ್ಕಿದ್ದರೆ? ನಾನು ಈಗ ತಾನೇ ನೋಡಿದ ಪುಸ್ತಕದಲ್ಲಿ ಅದಿಲ್ಲ. ಸುಲ್ತಾನರ ಹೆಸರುಗಳಿಗೆ ಮಾತ್ರ ಎರಡು ಪುಟಗಳಿವೆ.

ಆದ್ದರಿಂದ ವಾಚನಾಲಯದ ಸಮಿತಿಯಲ್ಲಿ ನನ್ನದೊಂದು ವಿನಂತಿ. ಪುಸ್ತಕ ಖರೀದಿಸುವ ಮುನ್ನ ಅದರ ನಾಲ್ಕು ಪುಟಗಳನ್ನು ಏಳನೆಯ ತರಗತಿಯ ಹುಡುಗಿಯೊಬ್ಬಳಿಂದ ಓದಿಸಿರಿ. ಐದನೆಯ ಪುಟವನ್ನು ಅವಳೇ ತಿರುವಿದರೆ ಹಣ ಕೊಡಿ.