ಮಾಸ್ತರು ಕಾರ್ಮಿಕರೇ?
(ಬಳಗಾನೂರಿನಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಭಾಗದಲ್ಲಿ ಭತ್ತದ ನಾಟಿಗೆ ಬಂದವರನ್ನು ಕೂಲಿಯವರು ಎನ್ನುತ್ತೇವೆ. ಶಾಲೆಯ ಮಾಸ್ತರರನ್ನು ಹಾಗೆ ಕರೆದರೆ ಊರೇ ಸಿಟ್ಟಾಗುತ್ತದೆ. ಆದರೆ ಈ ಮರ್ಯಾದೆಯೇ ಮಾಸ್ತರರಿಗೆ ನಷ್ಟ ತಂದ ಕಥೆಯೊಂದಿದೆ. ಕಾಯ್ದೆಯ ಒಂದು ಪದವನ್ನು ನ್ಯಾಯಾಲಯ ಹೇಗೆ ಓದುತ್ತದೆ ಎಂಬುದನ್ನು ಅದರಿಂದಲೇ ಹೇಳುತ್ತೇನೆ.

1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 'ಉದ್ದಿಮೆ' ಎಂಬ ಪದವನ್ನು ಬಹಳ ವಿಶಾಲವಾಗಿ ಅರ್ಥೈಸಿತು. ಶಿಕ್ಷಣ ಸಂಸ್ಥೆಯೂ ಅದರೊಳಗೆ ಬಂತು. ಹತ್ತು ವರ್ಷದ ಮೇಲೆ, 1988ರಲ್ಲಿ, ಗೋವಾದ ಶಿಕ್ಷಕಿಯೊಬ್ಬರ ಪ್ರಕರಣ ಬಂದಾಗ ಅದೇ ನ್ಯಾಯಾಲಯ ಶಿಕ್ಷಕರು 'ಕಾರ್ಮಿಕ'ರಲ್ಲ ಎಂದಿತು. ಪಾಠ ಹೇಳುವುದು ಕೈಕೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ, ಅದು ಉದಾತ್ತ ವೃತ್ತಿ ಎಂಬುದು ಕಾರಣ. ಅಂದರೆ ಶಾಲೆ ಉದ್ದಿಮೆ, ಗಂಟೆ ಬಾರಿಸುವ ಜವಾನ ಕಾರ್ಮಿಕ, ಮಾಸ್ತರು ಮಾತ್ರ ಹೊರಗೆ!

ಗ್ರಾಚ್ಯುಟಿ ವಿಷಯದಲ್ಲೂ ಇದೇ ಆಯಿತು. 1972ರ ಕಾಯ್ದೆಯನ್ನು 1997ರ ಏಪ್ರಿಲ್ 3ರಂದು ಹತ್ತು ಅಥವಾ ಹೆಚ್ಚು ನೌಕರರಿರುವ ಶಿಕ್ಷಣ ಸಂಸ್ಥೆಗಳಿಗೂ ವಿಸ್ತರಿಸಲಾಯಿತು. ಆದರೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿನ 'ನೌಕರ' ಎಂಬ ಪದದ ವಿವರಣೆಯಲ್ಲಿ ಶಿಕ್ಷಕರು ಸೇರುವುದಿಲ್ಲ, ಬೇಕಿದ್ದರೆ ಶಾಸಕಾಂಗ ಕಾನೂನು ಮಾಡಲಿ ಎಂದಿತು. 2009ರಲ್ಲಿ ಸಂಸತ್ತು ಪದವನ್ನೇ ತಿದ್ದಿತು, ಅದೂ 1997ರಿಂದಲೇ ಅನ್ವಯವಾಗುವಂತೆ. ಖಾಸಗಿ ಶಾಲೆಗಳವರು ಪ್ರಶ್ನಿಸಿದರು. 2022ರ ಆಗಸ್ಟ್ 29ರಂದು ತಿದ್ದುಪಡಿ ಸರಿ ಎಂದು ತೀರ್ಪಾಯಿತು. 2025ರ ನವೆಂಬರಿನಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದರೂ ವರ್ಷಕ್ಕೆ ಹದಿನೈದು ದಿನದ ವೇತನವೆಂಬ ಲೆಕ್ಕ ಉಳಿದಿದೆ. ಕೊನೆಯ ವೇತನ ತಿಂಗಳಿಗೆ 13,000 ರೂಪಾಯಿ, ಸೇವೆ 20 ವರ್ಷ ಎಂದಿಟ್ಟುಕೊಳ್ಳಿ. 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500. ಒಟ್ಟು ಒಂದೂವರೆ ಲಕ್ಷ. ಮಗಳ ಮದುವೆಯ ಹೊತ್ತಿಗೆ ಅದು ಸಣ್ಣ ಮೊತ್ತವಲ್ಲ.

'ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ನಮಗೆ 30ನೇ ವಿಧಿ ಇದೆಯಲ್ಲ' ಎಂದು ಕೆಲವರು ಕೇಳುತ್ತಾರೆ. ಆಡಳಿತ ನಡೆಸುವ ಹಕ್ಕೆಂದರೆ ದುರಾಡಳಿತ ನಡೆಸುವ ಹಕ್ಕಲ್ಲ ಎಂದು 1958ರ ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆ ವಿಧಿ ನಮ್ಮ ಗುರುಗಳ ಬಾಕಿಗೆ ಅಡ್ಡ ಹಿಡಿಯುವ ಗುರಾಣಿಯಲ್ಲ.

ಅದೇ ವಿಧಿಯಲ್ಲಿ 'ಸ್ಥಾಪಿಸುವ ಮತ್ತು ಆಡಳಿತ ನಡೆಸುವ' ಹಕ್ಕು ಎಂದಿದೆ. ಆ 'ಮತ್ತು' ಎಷ್ಟು ತೂಕದ್ದು ನೋಡಿ. 1967ರ ಅಜೀಜ್ ಬಾಷಾ ತೀರ್ಪು, ಅಲಿಗಢ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ್ದು 1920ರ ಕಾಯ್ದೆ, ಮುಸ್ಲಿಮರಲ್ಲ. ಸ್ಥಾಪಿಸದವರಿಗೆ ಆಡಳಿತದ ಹಕ್ಕೂ ಇಲ್ಲ ಎಂದಿತು. ಎರಡೂ ಕೂಡಿಯೇ ಇರಬೇಕು ಎಂಬ ಓದು ಹಾಗೇ ಉಳಿದಿದೆ. ಆದರೆ ಕಾಯ್ದೆಯಿಂದ ಹುಟ್ಟಿತು ಎಂಬ ಒಂದೇ ಕಾರಣಕ್ಕೆ ಅಲ್ಪಸಂಖ್ಯಾತ ಸ್ವರೂಪ ಹೋಗುವುದಿಲ್ಲ ಎಂದು 2024ರ ನವೆಂಬರ್ 8ರಂದು ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕು-ಮೂರರ ಬಹುಮತದಿಂದ ಹೇಳಿ, ಹಳೆಯ ತೀರ್ಪನ್ನು ಬದಿಗಿಟ್ಟಿತು. ಅಲಿಗಢದ ಪ್ರಶ್ನೆಯನ್ನು ಬೇರೆ ಪೀಠಕ್ಕೆ ಬಿಟ್ಟಿತು. ಸಂಸ್ಥೆ ಯಾರ ಯೋಚನೆಯಿಂದ ಹುಟ್ಟಿತು, ಹಣ ಯಾರು ಕೂಡಿಸಿದರು, ಜಾಗ ಯಾರು ಕೊಟ್ಟರು ಎಂಬುದನ್ನು ನೋಡಬೇಕಂತೆ.

ಹಾಗಾದರೆ ನಮ್ಮಂಥ ಸಣ್ಣ ಸಂಸ್ಥೆಗಳಿಗೆ ಪುರಾವೆ ಯಾವುದು? ಮೊದಲ ಸಭೆಯ ನಡಾವಳಿ ಪುಸ್ತಕ, ಐದು ಹತ್ತು ರೂಪಾಯಿಯ ಚಂದಾ ರಸೀದಿ, ಜಾಗದ ದಾನಪತ್ರ. ಕಾರ್ಯದರ್ಶಿಗಳೇ, ಕಪಾಟು ಖಾಲಿ ಮಾಡುವಾಗ ಇವು ರದ್ದಿಗೆ ಹೋಗದಿರಲಿ. ಅದೇ ಕಪಾಟಿನಲ್ಲಿ ಪ್ರತಿ ಶಿಕ್ಷಕರ ನೇಮಕಾತಿ ಪತ್ರದ ನಕಲೂ ಇದೆಯೇ ಎಂದು ಈ ವಾರವೇ ನೋಡಿ. ಸೇವೆಯ ವರ್ಷ ಎಣಿಸುವುದು ಆ ತಾರೀಖಿನಿಂದ.