ಕುಡಿಯುವ ನೀರನ್ನು ಪರೀಕ್ಷಿಸಿ ಕುಡಿಯೋಣ
(ರೋಗಿಗಳು ಹಾಗೂ ಅವರ ಮನೆಯವರಿಗಾಗಿ ಎಮ್ಮಿಗನೂರಿನಲ್ಲಿ ನೀಡಿದ ಆರೋಗ್ಯ ಉಪನ್ಯಾಸ)



ವಾಂತಿ-ಭೇದಿಯಾಗಿ ಬಂದವರನ್ನು ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರೆ, "ಕಾಲುವೆ ನೀರ್ರೀ ಸಿಸ್ಟರ್, ತಿಳಿಯಾಗೈತಿ" ಎನ್ನುತ್ತಾರೆ. ತಿಳಿಯಾಗಿರುವುದು ನಿಜ. ಆದರೆ ಆ ನೀರು ಬಂದದ್ದೆಲ್ಲಿಂದ? ತುಂಗಭದ್ರೆಯ ಮೇಲ್ಭಾಗದಲ್ಲಿ ಶಿವಮೊಗ್ಗ, ಭದ್ರಾವತಿ, ಹರಿಹರದಂಥ ಊರುಗಳಿವೆ. ಅವರು ಬಳಸಿ ಬಿಟ್ಟ ನೀರಿನ ಒಂದು ಅಂಶವೂ ಹೊಳೆ ಸೇರಿ, ಹೊಸಪೇಟೆಯ ಅಣೆಕಟ್ಟಿಗೆ ಬಂದು, ಕಾಲುವೆ ಹಿಡಿದು ನಮ್ಮ ಕಡೆ ಹರಿಯುತ್ತದೆ. ಬಳಸಿದ ನೀರನ್ನು ಮತ್ತೆ ಕುಡಿಯುವುದೆಂದರೆ ಮುಖ ಸಿಂಡರಿಸುವ ನಾವು ಗೊತ್ತಿಲ್ಲದೆ ಅದನ್ನೇ ಮಾಡುತ್ತಿದ್ದೇವೆ.

ಗೊತ್ತಿದ್ದೇ ಮಾಡುವವರೂ ಇದ್ದಾರೆ. ಆಫ್ರಿಕಾದ ನಮೀಬಿಯಾ ದೇಶದ ವಿಂಡ್‌ಹುಕ್ ನಗರದಲ್ಲಿ 1968ರಿಂದ ಒಳಚರಂಡಿ ನೀರನ್ನೇ ಶುದ್ಧೀಕರಿಸಿ ಕುಡಿಯುವ ನೀರಿಗೆ ಸೇರಿಸುತ್ತಾರೆ. ಅಲ್ಲಿ ಅಳತೆ ನಿಲ್ಲುವುದಿಲ್ಲ. ಗುಣಮಟ್ಟ ತಪ್ಪಿದ ನೀರು ನಲ್ಲಿಗೆ ಹೋಗುವುದಿಲ್ಲ. ನಮ್ಮ ರಾಜ್ಯದಲ್ಲೇ 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಅಂತರ್ಜಲ ಹೆಚ್ಚಲೆಂದು ಕೋಲಾರದ ಕೆರೆಗಳಿಗೆ ಹರಿಸಿದಾಗ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೂ ಹೋಯಿತು. ನೊರೆಯಾದರೂ ಕಣ್ಣಿಗೆ ಕಂಡಿತು. ರೋಗಾಣು ಕಾಣುವುದಿಲ್ಲವಲ್ಲ!

ಅದಕ್ಕೇ ಪರೀಕ್ಷೆ ಬೇಕು. ಎಚ್‌ಟುಎಸ್ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ, ಬೆಚ್ಚನೆಯ ಜಾಗದಲ್ಲಿ 24ರಿಂದ 48 ತಾಸು ಇಡಬೇಕು. ಕಪ್ಪಾದರೆ ಮಲ ಬೆರೆತಿದೆ ಎಂಬ ಸಂಶಯ. ಜಲಜೀವನ್ ಮಿಷನ್ (2019) ಯೋಜನೆಯಲ್ಲಿ ಇಂಥ ಕಿಟ್ ಬಳಸಲು ಪ್ರತಿ ಊರಿನ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನ ಐವರು ಯಾರು, ಕೇಳಿ ನೋಡಿ. ಕ್ಲೋರಿನ್ ನೋಡುವುದಾದರೆ ಟ್ಯಾಂಕಿನ ಹತ್ತಿರದ ಮನೆಯಲ್ಲಲ್ಲ, ಪೈಪಿನ ಕೊನೆಯ ಮನೆಯಲ್ಲಿ ನೋಡಬೇಕು. ಅಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು.

ಪ್ರಯೋಗಾಲಯದ ಪರೀಕ್ಷೆ ಇನ್ನೂ ಆಳವಾದದ್ದು. 100 ಮಿ.ಲೀ. ನೀರಿನಲ್ಲಿ ಇ-ಕೋಲೈ ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ ಹಸುಗೂಸು ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಬಾಣಂತಿಯರ ಮನೆಯವರು ಇದನ್ನು ಮರೆಯಬೇಡಿ.

ಇನ್ನು ಸ್ಯಾಂಪಲ್ ವಿಷಯ. ಕೆಲವರು ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ನೀರು ತರುತ್ತಾರೆ. ಆಗ ಪರೀಕ್ಷೆ ಬಾಟಲಿಯದ್ದಾಗುತ್ತದೆ, ನೀರಿನದ್ದಲ್ಲ! ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಟ್ಟ ಬಾಟಲಿಯೇ ಬೇಕು. ಅದನ್ನು ತೊಳೆಯಬೇಡಿ, ಬಾಯಿಗೆ ಬೆರಳು ತಾಗಿಸಬೇಡಿ. ನಲ್ಲಿಯನ್ನು ಎರಡು ನಿಮಿಷ ಬಿಟ್ಟು ಹಿಡಿಯಿರಿ, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಮುಟ್ಟಿಸಿ.

ಬಾಟಲಿ ಕಪ್ಪಾದರೆ ಪಂಚಾಯಿತಿಗೆ ತಾರೀಖು ಹಾಕಿ ಬರೆದು ಕೊಡಿ, ಪ್ರಯೋಗಾಲಯದ ವರದಿ ಕೇಳಿ. ಅಲ್ಲಿಯವರೆಗೆ ನೀರನ್ನು ಕುದಿಸಿ, ಆರಿಸಿ, ಮುಚ್ಚಿಡಿ.