ದೋಣಿಯ ಪ್ರೊಪೆಲರಿನ ಎರಡು ಅಂಕಿಗಳು

ಮರದೊಳಗೆ ತಿರುಪನ್ನು ಒಂದು ಸುತ್ತು ತಿರುಗಿಸಿದರೆ ಅದು ಗೊತ್ತಾದಷ್ಟು ದೂರ ಒಳಗಿಳಿಯುತ್ತದೆಯಷ್ಟೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಲೇತಿನ ಮುಂದೆ ನಿಲ್ಲುವವರಿಗೆ ಇದು ದಿನನಿತ್ಯದ ಪಾಠ. ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್ನಿನ ಪ್ರೊಪೆಲರೂ ಇಂಥದೇ ತಿರುಪು. ಮರದ ಬದಲು ನೀರನ್ನು ಕೊರೆಯುತ್ತದೆ.

ಪ್ರೊಪೆಲರಿನ ನಡುವಿನ ಗುಂಬದ ಮೇಲೆ ಸಾಮಾನ್ಯವಾಗಿ ಎರಡು ಅಂಕಿಗಳನ್ನು ಒತ್ತಿರುತ್ತಾರೆ. 10 ಮತ್ತು 12 ಎಂದಿದೆಯೆನ್ನಿ. ಮೊದಲನೆಯದು ರೆಕ್ಕೆಗಳ ತುದಿ ಸುತ್ತುವ ವೃತ್ತದ ವ್ಯಾಸ, 10 ಅಂಗುಲ. ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, 12 ಅಂಗುಲ. ನಿಮಿಷಕ್ಕೆ 2,500 ಸುತ್ತು ತಿರುಗಿದರೆ ಗಂಟೆಗೆ ಸುಮಾರು 46 ಕಿಲೋಮೀಟರು ಸಾಗಬೇಕು. ಆದರೆ ನೀರು ಮರದಂತೆ ಗಟ್ಟಿಯಲ್ಲ, ಜಾರಿಕೊಳ್ಳುತ್ತದೆ. ನೂರಕ್ಕೆ 15 ಪಾಲು ಜಾರಿಕೆಯಲ್ಲಿ ಕಳೆದರೆ ಉಳಿಯುವುದು 39.

ಅಮೆರಿಕದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಎಂಜಿನ್ನಿಗೆ ಇದ್ದದ್ದು ಒಂದೂವರೆ ಅಶ್ವಶಕ್ತಿ ಮಾತ್ರ. ಮುಂದೆ ಪಂದ್ಯಗಳು ಬೆಳೆದಂತೆ ಪ್ರೊಪೆಲರಿನ ರೂಪವೂ ಬದಲಾಯಿತು. ಪಂದ್ಯದ ಹಳೆಯ ಪ್ರೊಪೆಲರುಗಳಲ್ಲಿ ಅನೇಕವು ಕಂಚಿನವು. ಎರಡೇ ರೆಕ್ಕೆ, ತೆಳುವಾದ ಅಂಚು, ಚಿಕ್ಕ ವ್ಯಾಸ, ದೊಡ್ಡ ಪಿಚ್. ಪಂದ್ಯದ ದೋಣಿ ಹಗುರ. ನೀರನ್ನು ಸೀಳುವುದಕ್ಕಿಂತ ಅದರ ಮೇಲೆ ತೇಲಿ ಓಡುವುದೇ ಹೆಚ್ಚು. ಆದುದರಿಂದ ಅದಕ್ಕೆ ಈ ಅಳತೆ ಒಪ್ಪುತ್ತದೆ.

ಇದೇ ಪ್ರೊಪೆಲರನ್ನು ಭದ್ರಾ ಹಿನ್ನೀರಿನಲ್ಲಿ ಜನರನ್ನು ತುಂಬಿಕೊಂಡು ಹೋಗುವ ದೋಣಿಗೆ ಹಾಕಿದರೆ ಏನಾದೀತು? ಹೇರು ತುಂಬಿದ ಲಾರಿಯನ್ನು ಆಗುಂಬೆ ಘಾಟಿಯಲ್ಲಿ ಟಾಪ್ ಗೇರಿನಲ್ಲಿ ಹತ್ತಿಸಿದಂತಾದೀತು. ಎಂಜಿನ್ ತನ್ನ ಪೂರ್ಣ ವೇಗಕ್ಕೆ ಏರಲಾರದೆ ಏದುಸಿರು ಬಿಟ್ಟು ಕಾಯುತ್ತದೆ. ಎದುರುಗಾಳಿ ಬೀಸುವಾಗ ನಡುನೀರಿನಲ್ಲಿ ಅದು ನಿಂತರೆ ದೋಣಿಯಲ್ಲಿರುವವರ ಪ್ರಾಣಕ್ಕೇ ಅಪಾಯ. ಇದಕ್ಕೆ ವಿರುದ್ಧವಾಗಿ, ಪಿಚ್ ತೀರ ಕಡಿಮೆಯಾದರೆ ಎಂಜಿನ್ ಮಿತಿಮೀರಿ ತಿರುಗಿ ಸವೆಯುತ್ತದೆ.

ಸರಿಯಾದ ಅಳತೆಯನ್ನು ಕಂಡುಕೊಳ್ಳುವುದು ಕಷ್ಟವೇನಲ್ಲ. ಎಂದಿನಷ್ಟು ಭಾರವನ್ನೇ ಹೇರಿ, ದಡದ ಸಮೀಪದಲ್ಲಿ ಎಂಜಿನ್ನನ್ನು ಪೂರ್ತಿ ವೇಗಕ್ಕೆ ಬಿಟ್ಟು ನೋಡಿ. ತಯಾರಕರು ಹೇಳಿದಷ್ಟು ಸುತ್ತುಗಳು ಬಾರದಿದ್ದರೆ ಪಿಚ್ ಕಡಿಮೆಯಿರುವ ಪ್ರೊಪೆಲರನ್ನು ಹಾಕಬೇಕು. ಪಿಚ್ ಒಂದು ಅಂಗುಲ ಇಳಿದರೆ ಎಂಜಿನ್ನಿನ ವೇಗ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತು ಏರುವುದುಂಟು.

ದೋಣಿ ಕೊಳ್ಳುವವರು ಅಶ್ವಶಕ್ತಿ ಎಷ್ಟೆಂದು ಕೇಳುತ್ತಾರೆ. ಅದರೊಡನೆ ಗುಂಬದ ಮೇಲಿನ ಆ ಎರಡು ಅಂಕಿಗಳನ್ನೂ ನೀವು ಓದಿ ನೋಡಬೇಕು. ದೋಣಿ ದಡ ಸೇರುವುದು ಅವುಗಳನ್ನೂ ಅವಲಂಬಿಸಿದೆ.